ಮೂರು ದಿನ ರಜೆ, ಒಂದು ಟವೆಲ್

ಶುಕ್ರವಾರ, ಶನಿವಾರ, ಭಾನುವಾರ ಒಟ್ಟಿಗೆ ರಜೆ ಸಿಗೋದು ವರ್ಷಕ್ಕೆ ಎಷ್ಟು ಸಲ ಹೇಳಿ? ಹೊಸ ಕ್ಯಾಲೆಂಡರ್ ಗೋಡೆಗೆ ನೇತು ಹಾಕಿದ ದಿನವೇ ಆ ಮೂರು ತಾರೀಖುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದೆ. ಎಲ್ಲಿಗೂ ಹೋಗೋದು ಬೇಡ, ಸುಮ್ನೆ ಮನೆಯಲ್ಲಿ ಬಿದ್ದುಕೊಂಡಿರೋಣ ಅಂತ ತೀರ್ಮಾನ ಮಾಡಿದ್ದೂ ನಾನೇ. "ರಜೆಯಲ್ಲಿ ಬುದ್ಧಿ ಇರೋರು ಮನೆಯಲ್ಲಿರ್ತಾರೆ, ಇಲ್ಲದವರು ಟ್ರಾಫಿಕ್‌ನಲ್ಲಿರ್ತಾರೆ" ಅಂತ ಒಂದು ಮಾತು ಬೇರೆ ಹೇಳಿದ್ದೆ. ಆ ಮಾತನ್ನು ನನ್ನ ಹೆಂಡತಿ ಮೂರು ದಿನದಲ್ಲಿ ಕಡಿಮೆ ಅಂದ್ರೂ ಹದಿನೈದು ಸಲ ನನಗೇ ವಾಪಸ್ ಕೊಟ್ಟಳು.

ವಸಂತ ಅಂದ್ರೆ ಚಿಗುರು, ಕೋಗಿಲೆ, ತಂಗಾಳಿ ಅಂತ ಶಾಲೆಯಲ್ಲಿ ಓದಿದ್ದು. ಆ ಪಾಠ ಬರೆದವರ ಮನೆಯಲ್ಲಿ ಬಟ್ಟೆ ಒಣಗಿಸುವ ಕೆಲಸ ಬೇರೆಯವರದ್ದಿರಬೇಕು.

ಶುಕ್ರವಾರ ಬೆಳಗ್ಗೆ ಎದ್ದರೆ ಆಕಾಶ ಆಗಷ್ಟೇ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ಚೂರು ಮೋಡ ಇಲ್ಲ. ಹೆಂಡತಿ ಅದನ್ನು ನೋಡಿದ್ದೇ ತಡ, ಕಿಟಕಿ ಪರದೆ, ಹಾಸಿಗೆ ಹೊದಿಕೆ, ನನ್ನ ಆಫೀಸ್ ಪ್ಯಾಂಟುಗಳು, ಮಗಳ ಯೂನಿಫಾರ್ಮ್, ಎಲ್ಲವನ್ನೂ ಎಳೆದು ಮೆಷಿನ್‌ಗೆ ತುಂಬಿದಳು. ಮೂರು ಸುತ್ತು ಬಟ್ಟೆ. ಟೆರೇಸಿಗೆ ಹೊತ್ತು ಹಾಕಿದ್ದು ನಾನು. ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದರೆ ಹಗ್ಗದ ಮೇಲೆ ನಮ್ಮ ಇಡೀ ಸಂಸಾರ ಕ್ಲಿಪ್ ಹಾಕಿಸಿಕೊಂಡು ತೂಗಾಡುತ್ತಿತ್ತು. ಚೆನ್ನಾಗೇ ಕಾಣ್ತಿತ್ತು.

ಈ ಬೆಳಗಿನ ನೀಲಿ ಆಕಾಶ ಇದೆಯಲ್ಲ, ಅದೇ ಮೋಸ ಅಂತ ನನಗೆ ಗೊತ್ತಿರಬೇಕಿತ್ತು. ಬಿಸಿಲು ಜೋರಾಗಿ ಬಿದ್ದಷ್ಟೂ ನೆಲ ಕಾಯುತ್ತದೆ, ನೆಲದ ಹತ್ತಿರದ ತೇವದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನ ಗಾಳಿ ಇನ್ನೂ ತಣ್ಣಗೇ ಇರುತ್ತದೆ, ಇವೆರಡರ ನಡುವೆ ಮಧ್ಯಾಹ್ನದ ಹೊತ್ತಿಗೆ ಹತ್ತು ಕಿಲೋಮೀಟರಿಗಿಂತ ಎತ್ತರದ ಮೋಡ ಕಟ್ಟಿಕೊಳ್ಳುತ್ತದೆ. ಅಂದರೆ ಬಟ್ಟೆ ಒಣಗಲಿ ಅಂತ ನಾವು ಕೈಮುಗಿದು ಕೇಳಿಕೊಂಡ ಬಿಸಿಲೇ ಒಳಗಿಂದೊಳಗೆ ಮಳೆಯ ಏರ್ಪಾಡು ಮಾಡುತ್ತಿರುತ್ತದೆ. ಇದನ್ನೆಲ್ಲ ಊಟ ಮಾಡುತ್ತಾ ಮನೆಯವರಿಗೆ ವಿವರವಾಗಿ ಹೇಳುತ್ತಿದ್ದೆ. "ಇಷ್ಟೆಲ್ಲ ಗೊತ್ತಿದ್ದೋರು ಬಟ್ಟೆ ಯಾಕ್ರೀ ಹೊರಗೆ ಬಿಟ್ಟು ಬಂದ್ರಿ?" ಅಂದಳು ಹೆಂಡತಿ. ಅಷ್ಟರಲ್ಲಿ ಮೇಲೆ ಯಾರೋ ದೊಡ್ಡ ಡ್ರಮ್ ಉರುಳಿಸಿದ ಹಾಗೆ ಸದ್ದಾಯಿತು.

ಕೈ ತೊಳೆಯದೇ ಓಡಿದೆ. ಗಾಳಿ ಹೇಗಿತ್ತು ಅಂದ್ರೆ ಹೊದಿಕೆ ತೆಗೆಯಲು ಹೋದ ನನ್ನನ್ನೇ ಹೊದಿಕೆ ಸುತ್ತಿಕೊಂಡಿತು, ಎರಡು ನಿಮಿಷ ಎಲ್ಲಿ ಮೆಟ್ಟಿಲು ಎಲ್ಲಿ ಗೋಡೆ ಗೊತ್ತಾಗದೆ ಭೂತದ ಹಾಗೆ ಟೆರೇಸ್ ತುಂಬಾ ಓಡಾಡಿದೆ. ಮುಖದಿಂದ ಅದನ್ನು ಕಿತ್ತು ತೆಗೆಯುವ ಹೊತ್ತಿಗೆ ನನ್ನ ಹಸಿರು ಟವೆಲ್ ಕ್ಲಿಪ್ ಸಮೇತ ಹೊರಟಿತ್ತು. ಏನೂ ಅವಸರವಿಲ್ಲದೆ, ನಿಧಾನವಾಗಿ ಒಂದು ಸುತ್ತು ಹಾಕಿ, ರಸ್ತೆ ದಾಟಿ, ಎದುರಿನ ಮರದ ತುದಿಗೆ ಹೋಗಿ ಕೂತಿತು. ಕ್ಲಿಪ್ ಮಾತ್ರ ಟಕ್ ಅಂತ ಕೆಳಗೆ ಬಿತ್ತು.

ಒದ್ದೆಯಾಗಿ ಕೆಳಗೆ ಬಂದು ಟವೆಲ್ ಕೇಳಿದೆ. ಯಾರೂ ನಗಬಾರದಿತ್ತು. ನಕ್ಕರು.

ಹತ್ತು ನಿಮಿಷಕ್ಕೆ ಮಳೆ ನಿಂತು ಬಿಸಿಲು ಬಂತು. ಹಾಕಿದೆ. ಮತ್ತೆ ಮೋಡ. ತೆಗೆದೆ. ಇದನ್ನೇ ಬರೆಯುತ್ತಾ ಹೋದರೆ ನಿಮಗೂ ಕಾಲು ನೋವು ಬರುತ್ತದೆ, ಬಿಡಿ. ಅಮ್ಮ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು "ಬಿಸಿಲು ಬಂತು ಕಣೋ", "ಮೋಡ ಆಯ್ತು ಕಣೋ" ಅಂತ ವರದಿ ಕೊಡ್ತಿದ್ದರು. ಹವಾಮಾನ ಇಲಾಖೆಗಿಂತ ವೇಗವಾಗಿ, ಆದರೆ ನನ್ನ ಮೊಣಕಾಲಿನ ಬಗ್ಗೆ ಅಷ್ಟೇ ನಿರ್ಲಕ್ಷ್ಯದಿಂದ.

ಸಂಜೆ ಕರೆಂಟ್ ಹೋಯಿತು. ಟಾರ್ಚ್ ಹುಡುಕಿದೆವು. ಟಾರ್ಚ್ ಹುಡುಕುವುದಕ್ಕೆ ಟಾರ್ಚ್ ಬೇಕು ಅನ್ನೋದು ಪ್ರತಿ ಸಲ ಕತ್ತಲಾದ ಮೇಲೇ ನೆನಪಾಗುತ್ತದೆ. ಸಿಕ್ಕಿತು. ಒಳಗಿನ ಸೆಲ್‌ಗಳು ಯಾವತ್ತೋ ಸೋರಿ, ಬಿಳಿ ಪುಡಿಯಾಗಿ, ಸ್ಪ್ರಿಂಗ್‌ಗೆ ಅಂಟಿಕೊಂಡಿದ್ದವು. ನನ್ನ ಫೋನ್‌ನಲ್ಲಿ ಉಳಿದಿದ್ದ ಚಾರ್ಜ್ 11. ಉಳಿದ 89 ಎಲ್ಲಿ ಹೋಯಿತು ಅಂತೀರಾ? ಬೆಳಗ್ಗೆಯಿಂದ ಮಳೆ ಬರುತ್ತೋ ಇಲ್ವೋ ಅಂತ ಅದರಲ್ಲೇ ನೋಡ್ತಿದ್ದೆ.

ಫ್ರಿಜ್ ಬಾಗಿಲು ತೆಗೆಯದೇ ಇದ್ದರೆ ಒಳಗಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ, ಫ್ರೀಜರ್ ತುಂಬಿದ್ದರೆ ಅದರದ್ದು 48 ಗಂಟೆಯವರೆಗೂ, ಆದ್ದರಿಂದ ಯಾರೂ ಮುಟ್ಟಬೇಡಿ ಅಂತ ಆರ್ಡರ್ ಮಾಡಿದೆ. ಅಮ್ಮ ತಲೆಯಾಡಿಸಿದರು. ಐದು ನಿಮಿಷ ಬಿಟ್ಟು ಫ್ರಿಜ್ ಬಾಗಿಲು ತೆಗೆದು ಒಳಗೆ ಕೈ ಇಟ್ಟುಕೊಂಡು ನಿಂತಿದ್ದರು.

"ಏನಮ್ಮಾ ಇದು?"

"ತಂಪು ಇದೆಯೋ ಹೋಯ್ತೋ ನೋಡ್ತಿದ್ದೆ. ಇದೆ ಕಣೋ, ಹೆದರ್ಕೋಬೇಡ."

ಅವತ್ತು ರಾತ್ರಿ ಮಲಗುವವರೆಗೆ ಅವರು ಇನ್ನೂ ನಾಲ್ಕು ಸಲ ನೋಡಿದರು. ನಾಲ್ಕನೇ ಸಲ "ಈಗ ಸ್ವಲ್ಪ ಕಮ್ಮಿ ಆದಂಗಿದೆ" ಅಂದರು.

ಶನಿವಾರ ಸಂಜೆ ಮಗಳಿಗೆ ವಿಜ್ಞಾನ ಹೇಳಿಕೊಡೋಣ ಅನ್ನಿಸಿತು. ಇದು ನನ್ನ ರಜೆಯ ಎರಡನೇ ದೊಡ್ಡ ತಪ್ಪು. ಮಿಂಚು ಕಂಡ ಕೂಡಲೇ ಸೆಕೆಂಡ್ ಎಣಿಸಬೇಕು, ಗುಡುಗು ಕೇಳಿದಾಗ ನಿಲ್ಲಿಸಬೇಕು, ಬಂದದ್ದನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಅಂತ ಗೊತ್ತಾಗುತ್ತೆ, ಯಾಕಂದ್ರೆ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ ಅಂತ ಹೇಳಿದೆ. ಅವಳಿಗೆ ಹತ್ತು ವರ್ಷ. ಕಣ್ಣರಳಿಸಿ ಕೇಳಿದಳು, ನನಗೂ ಹೆಮ್ಮೆ.

ಮಿಂಚಿತು. ಒಂಬತ್ತು ಎಣಿಸಿದಳು. "ಮೂರು ಕಿಲೋಮೀಟರ್!"

ಮತ್ತೆ ಮಿಂಚಿತು. ಆರು. "ಎರಡು! ಅಪ್ಪಾ, ಎರಡು!"

ಮತ್ತೆ. ಮೂರು. ಈ ಸಲ ಅವಳು ಕೂಗಲಿಲ್ಲ. ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು, "ಅಪ್ಪಾ, ಇದು ಯಾರ ಮನೆಗೆ ಬರ್ತಿದೆ?"

ಗುಡುಗು ಕೇಳಿದರೆ ಮನೆಯೊಳಗೇ ಇರಬೇಕು, ಕೊನೆಯ ಗುಡುಗು ಕೇಳಿದ ಮೇಲೂ 30 ನಿಮಿಷ ಹೊರಗೆ ಹೋಗಬಾರದು, ನಾವು ಒಳಗಿದ್ದೇವಲ್ಲ, ಏನೂ ಆಗಲ್ಲ ಅಂತ ಧೈರ್ಯ ಹೇಳುತ್ತಿದ್ದೆ. ಆ ವಾಕ್ಯ ಮುಗಿಯಲಿಲ್ಲ. ಮಿಂಚು, ಸದ್ದು ಎರಡೂ ಒಟ್ಟಿಗೆ ಬಂದು ಕಿಟಕಿ ಗಾಜು ಅದುರಿತು. ಆಮೇಲೆ ಕಣ್ಣು ಬಿಟ್ಟಾಗ ನಾನು ಊಟದ ಮೇಜಿನ ಕೆಳಗಿದ್ದೆ. ಮಗಳು ಕುರ್ಚಿಯಲ್ಲೇ ಕೂತು ಬಗ್ಗಿ ನನ್ನನ್ನು ನೋಡುತ್ತಿದ್ದಳು.

"ಪೆನ್ ಬಿತ್ತು" ಅಂದೆ.

"ಪೆನ್ ನನ್ನ ಕೈಯಲ್ಲಿದೆ" ಅಂದಳು.

ಇಷ್ಟರ ಮಧ್ಯೆ ಹೆಂಡತಿ ಬಚ್ಚಲಲ್ಲಿದ್ದಳು. ಗುಡುಗುವಾಗ ಸ್ನಾನ ಮಾಡಬಾರದು, ಪೈಪು, ನೀರು ಎರಡರಲ್ಲೂ ಸಿಡಿಲಿನ ವಿದ್ಯುತ್ ಹರಿದು ಬರಬಹುದು ಅಂತ ಬಾಗಿಲ ಹೊರಗೆ ನಿಂತು ಕೂಗಿದೆ. "ಮೂರು ದಿನದ ರಜೆಯಲ್ಲಿ ನನಗೆ ಅಂತ ಸಿಕ್ಕಿರೋ ಹತ್ತು ನಿಮಿಷ ಇದು. ಸಿಡಿಲಿಗೆ ಕಾಯೋಕೆ ಹೇಳ್ರೀ" ಅಂತ ಒಳಗಿಂದ ಉತ್ತರ ಬಂತು. ಆದರೂ ಎರಡೇ ನಿಮಿಷಕ್ಕೆ ಹೊರಗೆ ಬಂದಳು, ತಲೆಯ ಅರ್ಧ ಭಾಗದಲ್ಲಿ ನೊರೆ ಇಟ್ಟುಕೊಂಡು. ಗುಡುಗು ನಿಂತು ಅರ್ಧ ಗಂಟೆ ಆಗುವವರೆಗೆ ಹಾಗೇ ಕೂತಿದ್ದಳು, ನನ್ನನ್ನೇ ನೋಡುತ್ತಾ. ಸಿಡಿಲೇ ವಾಸಿ ಅನ್ನಿಸಿತು.

ಭಾನುವಾರ ಆಲಿಕಲ್ಲು ಬಿತ್ತು. ಮಗಳು ಒಂದನ್ನು ಆರಿಸಿ ತಂದು ಬೆಳಕಿಗೆ ಹಿಡಿದಳು, ಒಳಗೆ ಈರುಳ್ಳಿಯ ಹಾಗೆ ಒಂದರೊಳಗೊಂದು ಸುತ್ತು ಕಾಣಿಸ್ತಿತ್ತು. ಅದನ್ನು ಜೋಪಾನ ಮಾಡಲು ಫ್ರೀಜರ್‌ನಲ್ಲಿಟ್ಟಳು. ಕರೆಂಟ್ ಮತ್ತೆ ಹೋಗಿತ್ತು ಅನ್ನೋದು ಬೇರೆ ವಿಷಯ. ಅಮ್ಮನಿಗೆ ಬಾಗಿಲು ತೆಗೆದು ನೋಡಲು ಇನ್ನೊಂದು ಕಾರಣ ಸಿಕ್ಕಿತು.

ಅಷ್ಟು ಹೊತ್ತಿಗೆ ನನಗೆ ಆ ಟವೆಲ್ ಮೇಲೆ ಒಂದು ಥರ ಸಿಟ್ಟು, ಒಂದು ಥರ ಗೌರವ. ಬೋಫರ್ಟ್ ಅಂತ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯೊಬ್ಬ 1805ರಲ್ಲಿ ಗಾಳಿಯ ಬಲ ಅಳೆಯಲು ಒಂದು ಪಟ್ಟಿ ಮಾಡಿದ. ಈಗ ಅದು ನೆಲದ ಮೇಲಿರುವವರಿಗೂ ಬಳಕೆಯಲ್ಲಿದೆ: ಸೊನ್ನೆ ಅಂದ್ರೆ ಹೊಗೆ ನೆಟ್ಟಗೆ ಮೇಲೇಳುತ್ತೆ, 4 ಅಂದ್ರೆ ಧೂಳು, ಕಾಗದ ಹಾರುತ್ತೆ, 6 ಅಂದ್ರೆ ಕೊಡೆ ಹಿಡಿಯೋದು ಕಷ್ಟ. ನಮ್ಮ ಮನೆಯಲ್ಲಿ ಈ ಎಲ್ಲ ಲೆಕ್ಕ ಟವೆಲ್ ಮೇಲೇ ನಡೀತಿತ್ತು. ಟವೆಲ್ ಸುಮ್ಮನೆ ಜೋತಾಡ್ತಿದ್ದರೆ ಬಟ್ಟೆ ಹಾಕಬಹುದು. ಅಡ್ಡ ನಿಂತಿದ್ದರೆ ಓಡಬೇಕು. ಪಟಪಟ ಬಡಿದುಕೊಳ್ತಿದ್ದರೆ ಬಟ್ಟೆಯ ಆಸೆ ಬಿಟ್ಟು ಕಿಟಕಿ ಹಾಕಬೇಕು. ಮಲಗುವ ಕೋಣೆಯ ಕಿಟಕಿಯ ಚಿಲಕ ಎರಡು ವರ್ಷದಿಂದ ಕೂರುತ್ತಿಲ್ಲ, "ರಜೆಯಲ್ಲಿ ಸರಿ ಮಾಡ್ತೀನಿ" ಅಂತ ನಾನು ಎರಡು ವರ್ಷದಿಂದ ಹೇಳ್ತಿದ್ದೇನೆ, ಹಾಗಾಗಿ ಅದಕ್ಕೆ ನನ್ನ ಬೆನ್ನು ಕೊಟ್ಟು ನಿಂತು ಅರ್ಧ ಭಾನುವಾರ ಕಳೆದೆ.

ಕೊಡೆ ಹಿಡಿದು, ಉದ್ದ ಕೋಲು ತಗೊಂಡು ಟವೆಲ್ ಬಿಡಿಸಲು ಒಂದು ಸಲ ಹೋದೆ. ಕೊಡೆ ಉಲ್ಟಾ ಆಯಿತು. ಟವೆಲ್ ಇನ್ನೂ ಒಂದು ಕೊಂಬೆ ಮೇಲಕ್ಕೆ ಹೋಯಿತು.

ಸೋಮವಾರ ಬೆಳಗ್ಗೆ ಮತ್ತೆ ಅದೇ ನೀಲಿ ಆಕಾಶ, ಮೋಡದ ಸುಳಿವಿಲ್ಲ, ಕೋಗಿಲೆ ಬೇರೆ ಕೂಗ್ತಿತ್ತು. ಮನೆಯ ಕುರ್ಚಿ, ಬಾಗಿಲು, ಫ್ಯಾನಿನ ರೆಕ್ಕೆ, ಎಲ್ಲದರ ಮೇಲೂ ಬಟ್ಟೆ, ಎಲ್ಲವೂ ಒದ್ದೆ. ಒಂದು ಪ್ಯಾಂಟನ್ನು ಇಸ್ತ್ರಿ ಪೆಟ್ಟಿಗೆಯಿಂದಲೇ ಒಣಗಿಸಿದೆ, ಸೊಂಟದ ಹತ್ತಿರ ಒಣಗಲಿಲ್ಲ. ಹಾಗೇ ಹಾಕಿಕೊಂಡು ಆಫೀಸಿಗೆ ಹೋದೆ.

"ಏನ್ ಸಾರ್, ಮೂರು ದಿನ ರಜೆ, ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದರು ಪಕ್ಕದ ಸೀಟಿನವರು.

"ಟೆರೇಸಿಗೆ" ಅಂದೆ. "ಇಪ್ಪತ್ತಮೂರು ಸಲ."

ಸಂಜೆ ವಾಪಸ್ ಬರುವಾಗ ಎದುರಿನ ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ಟವೆಲ್ ಅಲ್ಲೇ ಇತ್ತು. ಇಡೀ ದಿನದ ಬಿಸಿಲು ತಿಂದು ಹಪ್ಪಳದ ಹಾಗೆ ಗರಿಗರಿಯಾಗಿತ್ತು. ನಮ್ಮ ಮನೆಯ ಬಟ್ಟೆಗಳಲ್ಲಿ ಪೂರ್ತಿ ಒಣಗಿದ್ದು ಅದೊಂದೇ.