ಬಿಟ್ಟಿ ಜೆರ್ಸಿಗೆ ಎಷ್ಟು ರೇಟು?

ಹೋದ ಗುರುವಾರ ರಾತ್ರಿ ಮಂಗಳೂರಿನ ನಮ್ಮ ಸೈಕಲ್ ಗ್ರೂಪಿಗೆ ಹೊಸ ಜೆರ್ಸಿಯ ಡಿಸೈನ್ ಬಂತು. ನೀಲಿ ಬಣ್ಣ, ತೋಳಿಗೆ ಹಳದಿ ಪಟ್ಟಿ, ಬೆನ್ನಿಗೆ ಕಂಬಳದ ಕೋಣ. ಚಂದ ಉಂಟು, ಸುಳ್ಳು ಯಾಕೆ ಹೇಳಲಿ. ಎದೆ ಮೇಲೆ ಮಾತ್ರ ಅಂಗೈಯಗಲದ ಒಂದು ಲೋಗೋ. ಪೆಟ್ರೋಲ್, ಡೀಸೆಲ್ ಮಾರುವ ಕಂಪನಿಯದ್ದು. ಅರವತ್ತು ಜೆರ್ಸಿ ಫ್ರೀ. ಡಿಸೆಂಬರ್ ರೈಡಿನ ತಿಂಡಿ ಖರ್ಚೂ ಅವರದ್ದೇ.

ಹತ್ತು ನಿಮಿಷದಲ್ಲಿ ನಲವತ್ತು ಹೆಬ್ಬೆರಳು ಎದ್ದವು. ನಾನು "ಇದು ಬೇಡ ಮಾರಾಯ್ರೆ" ಅಂತ ಬರೆದೆ. ಆಮೇಲೆ ಹನ್ನೆರಡು ಗಂಟೆವರೆಗೆ ಮೊಬೈಲ್ ಕೆಳಗಿಡಲಿಕ್ಕೆ ಆಗಲಿಲ್ಲ. ಅಲ್ಲಿ ಹೇಳಿದ್ದು ಅರ್ಧಂಬರ್ಧ ಆಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಸ್ಪಾನ್ಸರ್ ಇಲ್ಲದೆ ಎಂತ ನಡೆಯುತ್ತದೆ ಹೇಳಿ. ಕಂಬಳದಲ್ಲಿ ಕೋಣ ಓಡುವ ಕರೆಯ ಪಕ್ಕ ಬ್ಯಾನರ್, ಯಕ್ಷಗಾನಕ್ಕೆ ಬ್ಯಾನರ್, ಮೊಸರು ಕುಡಿಕೆಗೂ ಬ್ಯಾನರ್. ಚಿನ್ನದ ಅಂಗಡಿ, ಸಹಕಾರಿ ಸಂಘ, ಐಸ್‌ಕ್ರೀಮ್. ನನ್ನದೇನೂ ತಕರಾರಿಲ್ಲ. ಐಸ್‌ಕ್ರೀಮಿನವರು ದುಡ್ಡು ಕೊಟ್ಟರೆ ಕೋಣಕ್ಕೆ ಶೀತ ಆಗುವುದಿಲ್ಲ.

ಆದರೆ ಸೈಕಲ್ಲಿನವರಿಗೆ ಪೆಟ್ರೋಲಿನವರು ಯಾಕೆ ಕೊಡುತ್ತಾರೆ? ನಾವು ಅವರ ಗಿರಾಕಿಗಳೇ ಅಲ್ಲ, ಕನಿಷ್ಠ ಭಾನುವಾರ ಬೆಳಗ್ಗೆ ಆದರೂ. ಅವರಿಗೆ ಬೇಕಾದದ್ದು ನಮ್ಮ ಮೈ ಮೇಲಿರುವ ಒಳ್ಳೆ ಹೆಸರು. ಬೆವರು, ಆರೋಗ್ಯ, ಶುದ್ಧ ಗಾಳಿ, ಮಕ್ಕಳು. ಆ ಹೆಸರಿನ ಪಕ್ಕ ಅವರ ಹೆಸರು ಕೂತರೆ ಸಾಕು.

ಇದು ನಮ್ಮಲ್ಲಿ ಮಾತ್ರ ಎದ್ದ ಜಗಳ ಅಲ್ಲ. 2022ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸೈಕಲ್ ಸವಾರರ ದೊಡ್ಡ ಸಂಸ್ಥೆ 'ಬ್ರಿಟಿಷ್ ಸೈಕ್ಲಿಂಗ್' ಶೆಲ್ ಎಂಬ ತೈಲ ಕಂಪನಿ ಜೊತೆ 2030ರ ಕೊನೆವರೆಗೆ ಒಪ್ಪಂದ ಮಾಡಿಕೊಂಡಿತು. ಅಂಗವಿಕಲರಿಗೆ ಸೈಕಲ್ ಸವಾರಿ ಸುಲಭ ಮಾಡುವುದು, ಸಂಸ್ಥೆಯ ಇಂಗಾಲ ಕಮ್ಮಿ ಮಾಡುವುದು ಅಂತೆಲ್ಲ ಕಾರಣ ಕೊಟ್ಟರು. ಕೇಳಲಿಕ್ಕೆ ಚಂದವೇ. ಶೆಲ್‌ಗೆ ಆ ವರ್ಷ ಬಂದ ಲಾಭ ಸುಮಾರು 40 ಬಿಲಿಯನ್ ಡಾಲರ್, ಅದರ ಚರಿತ್ರೆಯಲ್ಲೇ ಜಾಸ್ತಿ. ಸಿಟ್ಟಾದ ಕೆಲವು ಸದಸ್ಯರು ಸಂಸ್ಥೆಯನ್ನೇ ಬಿಟ್ಟರು. ಅದೇ ತಿಂಗಳು ಸಂಸ್ಥೆಯ ಮುಖ್ಯಸ್ಥ ಬ್ರಯಾನ್ ಫೇಸರ್ ಕೂಡ ಹುದ್ದೆಯಿಂದ ಇಳಿದರು. ಒಪ್ಪಂದ ಮಾತ್ರ ಆಗ ಹಾಗೆಯೇ ಉಳಿಯಿತು. (ಅದಕ್ಕೆ ತಿಂಗಳ ಮೊದಲು ಇದೇ ಸಂಸ್ಥೆ, ರಾಣಿಯ ಅಂತ್ಯಕ್ರಿಯೆ ನಡೆಯುವಾಗ ಯಾರೂ ಸೈಕಲ್ ಬಿಡಬೇಡಿ ಅಂತ ಹೇಳಿ, ಬೈಸಿಕೊಂಡು, ಕ್ಷಮೆ ಕೇಳಿತ್ತು. ಕೆಲವರ ಗ್ರಹಚಾರವೇ ಹಾಗೆ.)

ಇನ್ನೊಂದು ಕಥೆ ಇದಕ್ಕಿಂತ ರುಚಿ. 2018ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಟೀಮ್ ಸ್ಕೈ ಎಂಬ ತಂಡದ ಸವಾರರ ಬೆನ್ನ ಮೇಲೆ ತಿಮಿಂಗಿಲದ ಚಿತ್ರ ಇತ್ತು. ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯಬೇಡಿ ಅಂತ ಪ್ರಚಾರ. 2019ರ ಮೇ ತಿಂಗಳಲ್ಲಿ ಅದೇ ತಂಡಕ್ಕೆ ಹೊಸ ಯಜಮಾನ ಬಂದ: ಇನಿಯೋಸ್. ಪೆಟ್ರೋಕೆಮಿಕಲ್ ಕಂಪನಿ. ಪ್ಲಾಸ್ಟಿಕ್ಕಿಗೆ ಬೇಕಾದ ಕಚ್ಚಾ ವಸ್ತು ಮಾಡುವುದೇ ಅದರ ಕಸುಬು. ಸವಾರರು ಹೆಚ್ಚುಕಮ್ಮಿ ಅವರೇ, ತಿಮಿಂಗಿಲ ಮಾತ್ರ ನಾಪತ್ತೆ. ಆ ವರ್ಷವೂ ಅವರೇ ಗೆದ್ದರು ಅನ್ನಿ.

"ಅವರು ದುಡ್ಡು ಕೊಟ್ಟರೆ ನಮ್ಮ ಬಾಯಿ ಕಟ್ಟುತ್ತಾರಾ?" ಅಂತ ಗ್ರೂಪಿನಲ್ಲಿ ಒಬ್ಬರು ಕೇಳಿದರು. ಅವರು ಕಟ್ಟುವುದಿಲ್ಲ, ನಾವೇ ಕಟ್ಟಿಕೊಳ್ಳುತ್ತೇವೆ. ಎರಡು ವರ್ಷದ ಹಿಂದಿನದ್ದು ನೆನಪುಂಟಾ? ನಮ್ಮ ರೈಡಿಗೆ ಒಂದು ಕಾರ್ ಶೋರೂಮಿನವರು ಟೀ ಶರ್ಟ್ ಕೊಟ್ಟಿದ್ದರು. ಎರಡೇ ತಿಂಗಳಲ್ಲಿ ನಾವು ಟ್ರಾಫಿಕ್ ಪೊಲೀಸರಿಗೆ ಮನವಿ ಬರೆದೆವು, ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಸೈಕಲ್ಲಿನವರನ್ನು ನಡು ರಸ್ತೆಗೆ ದೂಡುತ್ತಾರೆ ಅಂತ. ಕರಡಿನಲ್ಲಿ ಐದು ಜಾಗದ ಹೆಸರಿತ್ತು. ನಾಲ್ಕನೆಯದ್ದು ಆ ಶೋರೂಮಿನ ಎದುರು. ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕರಡು ಓದುವಾಗ ಯಾರೋ ಮೆಲ್ಲ ಅಂದರು, "ಅದೊಂದು ಬಿಡುವ, ಪಾಪ, ನಮಗೆ ಟೀ ಶರ್ಟ್ ಕೊಟ್ಟವರಲ್ವಾ." ಪೆನ್ನು ನನ್ನ ಕೈಯಲ್ಲೇ ಇತ್ತು. ಗೆರೆ ಎಳೆದದ್ದು ನಾನೇ. ಶೋರೂಮಿನಿಂದ ಒಂದು ಫೋನ್ ಕೂಡ ಬಂದಿರಲಿಲ್ಲ.

ಉಂಡ ಮನೆಯ ಗಳ ಎಣಿಸಬಾರದು ಅಂತಾರೆ. ಒಳ್ಳೆ ಮಾತೇ. ಆದರೆ ಸೈಕಲ್ ಸಂಘದ ಕೆಲಸವೇ ಗಳ ಎಣಿಸುವುದು. ಕೂಳೂರು ಸೇತುವೆ ಮೇಲೆ ಸೈಕಲ್ಲಿಗೆ ಜಾಗ ಎಲ್ಲಿ, ಪಣಂಬೂರು ದಾಟುವಾಗ ಸಾಲಾಗಿ ನಿಂತ ಟ್ಯಾಂಕರ್‌ಗಳ ಪಕ್ಕ ನಾವು ಹೋಗುವುದು ಹೇಗೆ, ಕೆಲವು ದಿನ ಬೈಕಂಪಾಡಿಯಿಂದ ಆಚೆ ಮೂಗು ಮುಚ್ಚಿಕೊಂಡು ತುಳಿಯುವುದು ಯಾಕೆ. ಇದನ್ನು ಕೇಳಬೇಕಾದವರು ಎದೆ ಮೇಲೆ ಆ ಲೋಗೋ ಹಾಕಿಕೊಂಡರೆ ಮುಂದಿನ ಕರಡಿನಲ್ಲಿ ಎಷ್ಟು ಗೆರೆ ಎಳೆಯಬೇಕು?

ತೊಂಬತ್ತರ ದಶಕದಲ್ಲಿ ಭಾರತ ತಂಡದ ಅಂಗಿ ಮೇಲೆ ವಿಲ್ಸ್ ಅಂತ ಇತ್ತು. 1996ರ ವಿಶ್ವಕಪ್ಪಿನ ಹೆಸರೇ ವಿಲ್ಸ್ ವರ್ಲ್ಡ್ ಕಪ್. ವಿಲ್ಸ್ ಅಂದರೆ ಕ್ರಿಕೆಟ್ ಸಾಮಾನು ಮಾಡುವ ಕಂಪನಿ ಅಂತ ನಾನು ಅಂದುಕೊಂಡಿದ್ದೆ. ಒಂದು ದಿನ ಮಾವ ಗೂಡಂಗಡಿಗೆ ಕಳಿಸಿ "ಒಂದು ವಿಲ್ಸ್ ತಾ" ಅಂದಾಗಲೇ ಅದು ಸಿಗರೇಟು ಅಂತ ಗೊತ್ತಾದದ್ದು. ಬೇಜಾರೇನೂ ಆಗಲಿಲ್ಲ. ಸಚಿನ್ ಅಂಗಿಯ ಮೇಲಿನ ಹೆಸರು ಅಂತ ಖುಷಿಯೇ ಆಯಿತು. ಅದೇ ಅಲ್ವಾ ಅವರಿಗೆ ಬೇಕಾದದ್ದು! 2003ರ ಕಾನೂನು ತಂಬಾಕು ಕಂಪನಿಗಳ ಇಂಥ ಪ್ರಾಯೋಜನೆಯನ್ನು ನಿಲ್ಲಿಸಿತು. ಕ್ರಿಕೆಟಿಗೆ ದುಡ್ಡಿನ ಬರ ಬಂದದ್ದು ನನಗಂತೂ ಕಾಣಲಿಲ್ಲ.

"ನಿನ್ನ ಜೆರ್ಸಿ ಪಾಲಿಯೆಸ್ಟರ್, ಟಯರಿನ ಅರ್ಧ ರಬ್ಬರೂ ಪೆಟ್ರೋಲಿಯಂದೇ, ರಸ್ತೆಗೆ ಹಾಕಿದ ಡಾಮರೂ ಅಲ್ಲಿಂದಲೇ" ಅಂತ ಇನ್ನೊಬ್ಬರು ಪಾಠ ಮಾಡಿದರು. ಹೌದು. ನಾನೂ ಸ್ಕೂಟರಿಗೆ ಪೆಟ್ರೋಲ್ ಹಾಕಿಸುತ್ತೇನೆ. ದುಡ್ಡು ಕೊಟ್ಟು ಹಾಕಿಸುತ್ತೇನೆ, ಲೆಕ್ಕ ಅಲ್ಲಿಗೆ ಚುಕ್ತಾ. ಬಿಟ್ಟಿ ತಗೊಂಡರೆ ಚುಕ್ತಾ ಆಗುವುದಿಲ್ಲ.

ಪೆಟ್ರೋಲಿಯಂ ಸಚಿವಾಲಯದ ಕೈಕೆಳಗಿನ, ಇಂಧನ ಉಳಿಸಿ ಅಂತ ಹೇಳುವ ಸಂಸ್ಥೆ ಪಿಸಿಆರ್‌ಎ ಕೂಡ 'ಸಕ್ಷಮ್' ಹೆಸರಿನಲ್ಲಿ ಸೈಕಲ್ ಜಾಥಾ ಮಾಡಿಸುತ್ತದಲ್ಲ ಅಂದರೆ, ಅದು ಬೇರೆ. ಅಲ್ಲಿ ಹೇಳುವುದು ಪೆಟ್ರೋಲ್ ಉಳಿಸಿ ಅಂತ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುವಾಗ ಸರ್ಕಾರಕ್ಕೆ ಅದು ಬೇಕು.

ಕಂಪನಿಗೆ ನಿಜವಾಗಿ ಕೊಡುವ ಮನಸ್ಸಿದ್ದರೆ ದಾರಿ ಉಂಟು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2 ಭಾಗ ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಬೇಕು. ತನ್ನ ಮಾಲಿಗೆ ಪ್ರಚಾರ ಸಿಗಲಿ ಅಂತ ಕೊಡುವ ಸ್ಪಾನ್ಸರ್‌ಶಿಪ್ ಆ ಲೆಕ್ಕಕ್ಕೆ ಬರುವುದಿಲ್ಲ ಅಂತ 2021ರಲ್ಲಿ ತಿದ್ದಿದ ನಿಯಮವೇ ಹೇಳುತ್ತದೆ. ಆ 2 ಭಾಗದಲ್ಲಿ ಶಾಲೆಗಳಿಗೆ ಸೈಕಲ್ ಶೆಡ್ ಕಟ್ಟಿಸಲಿ, ನಾನೇ ಹೋಗಿ ಕಲ್ಲು ಹೊರುತ್ತೇನೆ. ಎದೆ ಮೇಲಿನ ಅಂಗೈಯಗಲದ ಲೋಗೋ ಜಾಹೀರಾತು. ಜಾಹೀರಾತಿಗೆ ರೇಟು ಅಂತ ಇರುತ್ತದೆ. ನಾವು ಅರವತ್ತು ಅಂಗಿ ಮತ್ತು ಒಂದು ದಿನದ ಇಡ್ಲಿ ಸಾಂಬಾರಿಗೆ ಕೊಟ್ಟುಬಿಡುವವರಿದ್ದೆವು.

ಭಾನುವಾರ ಸಸಿಹಿತ್ಲು ಕಡಲ ಬದಿಯಲ್ಲಿ ಸೈಕಲ್ ಒರಗಿಸಿ ಮತ್ತೆ ಮಾತಾಡಿದೆವು. ಲೋಗೋ ಇಲ್ಲದ ಜೆರ್ಸಿ, ತಲೆಗೆ 650 ರೂಪಾಯಿ, ಕಷ್ಟ ಇದ್ದವರದ್ದು ಉಳಿದವರು ಹಂಚಿಕೊಳ್ಳುವುದು ಅಂತ ಆಯಿತು. ಎಲ್ಲರಿಗೂ ಸಮಾಧಾನ ಆಗಿಲ್ಲ. ಇಬ್ಬರು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ನಮ್ಮ ಗ್ರೂಪಿನಲ್ಲಿ ರಿಫೈನರಿ ಕೆಲಸದ ಒಬ್ಬರು ಅಣ್ಣ ಇದ್ದಾರೆ. ನೈಟ್ ಶಿಫ್ಟ್ ಮುಗಿಸಿ ಸೀದಾ ರೈಡಿಗೆ ಬರುವವರು. ಇಡೀ ಗಲಾಟೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಹೊರಡುವಾಗ ಹತ್ತಿರ ಬಂದು ಎರಡು ಸಾವಿರ ರೂಪಾಯಿ ನನ್ನ ಕೈಯಲ್ಲಿಟ್ಟರು, ಮೂವರ ಜೆರ್ಸಿಗೆ ಅಂತ.

"ನನ್ನ ಸಂಬಳದ್ದು. ಇದು ಆಗ್ತದಲ್ಲ ನಿಮಗೆ?" ಅಂದರು. ನಗುತ್ತಿದ್ದರು.

ಚಿಲ್ಲರೆ ಐವತ್ತು ವಾಪಸ್ ಕೊಡಬೇಕಿತ್ತು, ನನ್ನ ಹತ್ತಿರ ಇರಲಿಲ್ಲ.