ಹೊಲಿದವರು ಯಾರು?

ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿರುವ ನನ್ನ ಅಣ್ಣನ ಮಗಳು ಕಥೆ ಸಿನಿಮಾಗಳ ಪಾತ್ರಗಳಂತೆ ವೇಷ ತೊಡುವ ಕಾಸ್‌ಪ್ಲೇ ಎಂಬ ಹವ್ಯಾಸದ ಮೇಲಿನ ತನ್ನ ಸಾಕ್ಷ್ಯಚಿತ್ರಕ್ಕೆಂದು ಬರೆದು, ತಿದ್ದಿಕೊಡಲೆಂದು ತಂದಿತ್ತ ಪ್ರಶ್ನಾವಳಿಯ ಮೊದಲ ಪ್ರಶ್ನೆ ‘ನಿಮಗೆ ಕಾಸ್‌ಪ್ಲೇಯಲ್ಲಿ ಆಸಕ್ತಿ ಹೇಗೆ ಬಂತು?’ ಎಂದಿತ್ತು. ಎರಡನೆಯದು ‘ಇದರಿಂದ ನಿಮಗೆ ಸಿಗುವ ತೃಪ್ತಿ ಎಂಥದು?’ ಎಂದು. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ಚಹಾ ಆರಿತ್ತು. ಸಹನೆ ಅದಕ್ಕೂ ಮೊದಲೇ ಆರಿತ್ತು. ಕಾಸ್‌ಪ್ಲೇ ಎಂಬ ಶಬ್ದವನ್ನು ಅಳಿಸಿ ಅಲ್ಲಿ ಮೊಲ ಸಾಕಣೆ ಎಂದು ಬರೆದರೂ ಈ ಪ್ರಶ್ನೆಗಳಿಗೆ ಕೂದಲೆಳೆಯಷ್ಟು ಬಾಧೆಯಾಗುತ್ತಿರಲಿಲ್ಲ. ಅವಳು ಚಿತ್ರೀಕರಿಸಲಿರುವ ಹುಬ್ಬಳ್ಳಿಯ ಹುಡುಗ, ಚಪ್ಪಲಿಯ ಅಟ್ಟೆಗೆ ಬಳಸುವಂಥದೇ ಇವಿಎ ಫೋಮಿನ ಹಾಳೆಗಳನ್ನು ಕತ್ತರಿಸಿ, ಬಿಸಿಗಾಳಿ ಹಾಯಿಸಿ ಬಾಗಿಸಿ, ಅಂಟಿಸಿ, ಬಣ್ಣ ಬಳಿದು, ಯಾವುದೋ ಜಪಾನೀ ಕಥೆಯ ಯೋಧನ ಕವಚವನ್ನು ಮಾಳಿಗೆಯ ಮೇಲೆ ಸಿದ್ಧಪಡಿಸಿ, ಅದನ್ನು ರಾತ್ರಿ ರೈಲಿನಲ್ಲಿ ಬೆಂಗಳೂರಿನ ಚಿತ್ರಕಥಾಭಿಮಾನಿಗಳ ಮೇಳವಾದ ಕಾಮಿಕ್ ಕಾನ್‌ಗೆ ಒಯ್ಯುತ್ತಾನೆ. ಅಷ್ಟು ದೊಡ್ಡ ಎದೆಗವಚವನ್ನು ಸ್ಲೀಪರ್ ಬೋಗಿಯಲ್ಲಿ ಎಲ್ಲಿಟ್ಟೆ ಎಂದು ಅವನನ್ನು ಯಾರೂ ಕೇಳುವುದಿಲ್ಲವಲ್ಲ!

‘ಕಾಕಾ, ಇಪ್ಪತ್ತ ಪ್ರಶ್ನಿ ಇರಬೇಕಂತ ಗೈಡ್ ಸರ್ ಹೇಳ್ಯಾರ,’ ಎಂದು ಅವಳು ಮುಖ ಸಣ್ಣದು ಮಾಡಿಕೊಂಡಾಗ, ಒಳ್ಳೆಯ ಪ್ರಶ್ನೆಯ ಗುಟ್ಟೇನೆಂಬುದನ್ನು ಅವಳಿಗೆ ವಿವರಿಸಿಯೇ ತೀರಬೇಕೆಂದು ಹೊರಟೆ.

1939ರಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೆದಾಗ ಫಾರೆಸ್ಟ್ ಆಕರ್‌ಮನ್ ಎಂಬ ತರುಣ ಭವಿಷ್ಯಲೋಕದ ಉಡುಪು ತೊಟ್ಟು ಬಂದುದನ್ನು ಈ ವಿಷಯದ ಚರಿತ್ರೆ ಬರೆಯುವವರೆಲ್ಲ ಹೇಳುತ್ತಾರೆ. ಅವನ ಜೊತೆಯಲ್ಲೇ ಅಂಥದೇ ಉಡುಪಿನಲ್ಲಿ ಬಂದಿದ್ದ ಮರ್ಟಲ್ ಡಗ್ಲಸ್ ಎಂಬಾಕೆ ಆ ಎರಡೂ ಉಡುಪುಗಳನ್ನು ಸಿದ್ಧಪಡಿಸಿದವಳು ಎಂಬ ಮಾತು ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಆದ್ದರಿಂದ ‘ಇದನ್ನು ಹೊಲಿದವರು ಯಾರು?’ ಎಂಬುದನ್ನು ಮೊದಲ ಪ್ರಶ್ನೆಯಾಗಿ ಬರೆದುಕೋ ಎಂದೆ. ಫೋಮನ್ನು ಹುಡುಗನೇ ಕತ್ತರಿಸಿರಬಹುದು. ಆದರೆ ಅದರೊಳಗಿನ ಅಂಗಿ, ಬೆನ್ನಿನ ಮೇಲಿನ ನಿಲುವಂಗಿ, ಆ ನಿಲುವಂಗಿಯ ಅಂಚು, ಇವುಗಳ ಹಿಂದೆ ಹೊಲಿಗೆ ಯಂತ್ರದ ಮುಂದೆ ಕುಳಿತ ಒಬ್ಬ ತಾಯಿಯೋ ಓಣಿಯ ದರ್ಜಿಯೋ ಇದ್ದೇ ಇರುತ್ತಾರೆ. ಆ ದರ್ಜಿಗೆ ಅಳತೆ ಹೇಳುವಾಗ ಇದು ಏತಕ್ಕೆಂದು ಹೇಗೆ ತಿಳಿಸಿದರು ಎಂಬುದೊಂದೇ ಕೇಳಿದರೂ ಸಾಕ್ಷ್ಯಚಿತ್ರದ ಅರ್ಧ ಭಾಗ ತುಂಬೀತು.

ಹದಿನಾಲ್ಕನೆಯ ಪ್ರಶ್ನೆ ‘ಇದು ನಮ್ಮ ಸಂಸ್ಕೃತಿಗೆ ಹೊಂದುತ್ತದೆಯೇ?’ ಎಂಬುದು. ಗರುಡ ಸದಾಶಿವರಾಯರ ನಾಟಕ ಮಂಡಳಿ ಗದಗಿನಿಂದ ಹೊರಟು ಊರೂರು ತಿರುಗಿದ ಸೀಮೆಯಲ್ಲಿ, ದೊಡ್ಡಾಟದ ಕಿರೀಟ ಭುಜಕೀರ್ತಿಗಳನ್ನು ಊರಿನ ರೈತರೇ ಹೊತ್ತು ಬೆಳಗಿನವರೆಗೆ ಕುಣಿದ ಸೀಮೆಯಲ್ಲಿ, ಹಗಲುವೇಷದವರು ಮನೆ ಬಾಗಿಲಿಗೇ ರಾಮ ಲಕ್ಷ್ಮಣರಾಗಿ ಬಂದು ಕಾಳು ಕಡಿ ಪಡೆದ ಸೀಮೆಯಲ್ಲಿ ಕುಳಿತು ಈ ಪ್ರಶ್ನೆ ಕೇಳುವವರ ಧೈರ್ಯ ದೊಡ್ಡದು. ಅದರ ಮೇಲೆ ಅಡ್ಡಗೆರೆ ಎಳೆದೆ; ತುಸು ಜೋರಾಗಿಯೇ ಎಳೆದೆನೆಂದು ಕಾಣುತ್ತದೆ, ಕಾಗದ ಹರಿಯಿತು.

ಇಪ್ಪತ್ತನೆಯದು ‘ಯುವಜನತೆಗೆ ನಿಮ್ಮ ಸಂದೇಶವೇನು?’ ಎಂದಿತ್ತು. ಈ ಪ್ರಶ್ನೆಯ ಬಗ್ಗೆ ನನಗಿರುವುದು ಭಿನ್ನಾಭಿಪ್ರಾಯವಲ್ಲ, ಹಗೆತನ.

ಇದನ್ನು ಅವಳಿಗೆ ಮನಗಾಣಿಸಲು ರಾಣೆಬೆನ್ನೂರಿನ ಹೋಳಿಯ ಪ್ರಸಂಗ ಹೇಳಬೇಕಾಯಿತು. ಅಲ್ಲಿ ಹೋಳಿಯ ಕಾಲಕ್ಕೆ ಜೀವಂತ ರತಿ-ಕಾಮರನ್ನು ಕೂರಿಸುತ್ತಾರೆ. ಇಬ್ಬರು ಗಂಡಸರು, ಒಬ್ಬ ಕಾಮನಾಗಿ ಇನ್ನೊಬ್ಬ ಸೀರೆಯುಟ್ಟು ರತಿಯಾಗಿ, ಅಲಂಕರಿಸಿದ ಮಂಟಪದಲ್ಲಿ ನಗದೆ ಕೂರಬೇಕು. ಅವರನ್ನು ನಗಿಸುವುದು ನೆರೆದವರ ಕೆಲಸ, ನಗಿಸಿದವರಿಗೆ ಬಹುಮಾನ. ನಾನು ನೋಡಿದ ರಾತ್ರಿ ಒಬ್ಬ ಸಿನಿಮಾ ನಟರ ಧ್ವನಿಗಳನ್ನೆಲ್ಲ ಅನುಕರಿಸಿದ, ಇನ್ನೊಬ್ಬ ರಾಜಕಾರಣಿಯ ಭಾಷಣವನ್ನು ಪೂರ್ತಿ ಒಪ್ಪಿಸಿದ, ಮತ್ತೊಬ್ಬ ನೆಲದ ಮೇಲೆ ಹೊರಳಾಡಿ ತನ್ನ ಬಿಳಿ ಅಂಗಿಯನ್ನು ಕೆಡಿಸಿಕೊಂಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಟಪದಲ್ಲಿದ್ದವರ ರೆಪ್ಪೆ ಕೂಡ ಅಲುಗಲಿಲ್ಲ. ಆಮೇಲೆ ಹಳದಿ ಪಟಗಾ ಸುತ್ತಿದ ಮುದುಕನೊಬ್ಬ ಯಾವ ಅವಸರವೂ ಇಲ್ಲದೆ ರತಿಯ ಹತ್ತಿರ ಹೋಗಿ, ಸೆರಗನ್ನು ಒಮ್ಮೆ ದಿಟ್ಟಿಸಿ, ಮನೆಯ ಮಾತಿನಂತೆ ‘ಸೀರಿ ಚಲೋ ಐತಿ. ಹೇಂತಿಗೆ ಹೇಳಿ ಉಟ್ಟೀಯೋ, ಕೇಳದಾ ಉಟ್ಟೀಯೋ?’ ಎಂದ. ರತಿಯ ಕೆಳತುಟಿ ಒಂದಿಷ್ಟು ನಡುಗಿತು. ಅದು ನಗೆಯೋ ಅಲ್ಲವೋ ಎಂಬ ಬಗ್ಗೆ ಬಹುಮಾನ ಕೊಡುವವರಿಗೂ ಮುದುಕನ ಕಡೆಯವರಿಗೂ ಭಾರಿ ವಾದ ನಡೆಯಿತು. ತುಟಿ ನಡುಗಿದರೆ ನಗೆಯಲ್ಲ, ಹಲ್ಲು ಕಾಣಬೇಕು ಎಂದು ಒಂದು ಪಕ್ಷ. ಹಲ್ಲಿಲ್ಲದವರು ನಗುವುದೇ ಇಲ್ಲವೇ ಎಂದು ಇನ್ನೊಂದು ಪಕ್ಷ. ಮುದುಕ ಮಾತ್ರ ಅಡಿಕೆ ಕತ್ತರಿಸುತ್ತ ನಿಂತಿದ್ದ.

‘ಇದರಾಗ ಸಂದೇಶದ ಮಾತು ಎಲ್ಲಿ ಬಂತು ಕಾಕಾ?’ ಎಂದು ಅಣ್ಣನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಇಪ್ಪತ್ತನೆಯದನ್ನು ತೆಗೆಯಲು ಅವಳು ಒಪ್ಪಲಿಲ್ಲ; ಸಾಮಾಜಿಕ ಪ್ರಸ್ತುತತೆ ಎಂಬ ಶೀರ್ಷಿಕೆಯಡಿ ಅದಕ್ಕೆ ಅಂಕಗಳಿವೆಯಂತೆ.

ಕ್ಯಾಮೆರಾ ಹಿಡಿಯುವ ಮೊದಲು ಅನುಮತಿ ಕೇಳಬೇಕೆಂಬುದನ್ನು ಅವಳೇ ಸೇರಿಸಿಕೊಂಡಳು. 2014ರಿಂದ ನ್ಯೂಯಾರ್ಕಿನ ಕಾಮಿಕ್ ಕಾನ್‌ನಲ್ಲಿ ವೇಷಧಾರಿಗಳನ್ನು ಕೇಳದೆ ಮುಟ್ಟಬಾರದು, ಕೇಳದೆ ಚಿತ್ರ ತೆಗೆಯಬಾರದು ಎಂದು ದೊಡ್ಡ ಫಲಕಗಳನ್ನೇ ನಿಲ್ಲಿಸುತ್ತಿದ್ದಾರೆಂಬುದು ನನಗಿಂತ ಅವಳಿಗೆ ಚೆನ್ನಾಗಿ ತಿಳಿದಿತ್ತು.

ಈಗ ನಮ್ಮಿಬ್ಬರ ನಡುವೆ ಉಳಿದಿರುವ ತಕರಾರು ಶಿರಸ್ತ್ರಾಣದ್ದು. ಅದರೊಳಗಿಂದ ಮಾತು ಸ್ಪಷ್ಟವಾಗಿ ಹೊರಡುವುದಿಲ್ಲ, ಆದ್ದರಿಂದ ಅದನ್ನು ತೆಗೆಸಿ ಮಾತನಾಡಿಸು ಎಂಬುದು ನನ್ನ ವಾದ. ‘ತಗದರ ಅಂವ ವಿದ್ಯಾನಗರದ ಹುಡುಗನ ಆಗ್ತಾನಲ್ಲ, ಯಾರ ನೋಡ್ತಾರ?’ ಎಂಬುದು ಅವಳದು. ಆ ಹುಡುಗನೋ, ಎರಡೂ ಬಗೆಯಲ್ಲಿ ಚಿತ್ರೀಕರಿಸಿಕೊಳ್ಳಿ, ಆದರೆ ಈ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಫೋಮಿನೊಳಗೆ ನಿಲ್ಲಲಾರೆ ಎಂದು ಫೋನಿನಲ್ಲಿ ತಿಳಿಸಿದ್ದಾನೆ. ಅವಳ ತಂಡದಲ್ಲಿ ಕ್ಯಾಮೆರಾ ಹಿಡಿಯುವವನು ಒಂಬತ್ತಕ್ಕೆ ಮೊದಲು ಎದ್ದ ದಾಖಲೆ ಇನ್ನೂ ಸಿಕ್ಕಿಲ್ಲ.