ರೀಮ್‌ಗೆ ಬೀಗ ಹಾಕಿದರೆ ಕಾಗದ ಉಳಿಯುತ್ತಾ?

ನಮ್ಮ ಆಫೀಸಿನಲ್ಲಿ ಇವತ್ತಿನಿಂದ ಎ4 ಹಾಳೆಗೆ ಬೀಗ. ಮಾತಿಗೆ ಹೇಳುತ್ತಿಲ್ಲ, ನಿಜವಾದ ಬೀಗ! ರೀಮ್‌ಗಳೆಲ್ಲ ಸಾಹೇಬರ ಬೀರುವಿನಲ್ಲಿ, ಬೀಗದ ಕೈ ಸಾಹೇಬರ ಡ್ರಾಯರಿನಲ್ಲಿ. ಹಾಳೆ ಬೇಕಾದವರು ಹೆಸರು, ಕಾರಣ, ಎಷ್ಟು ಹಾಳೆ ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ ತೆಗೆದುಕೊಳ್ಳಬೇಕು. ಬೆಳಿಗ್ಗೆ ನಮ್ಮ ಅಟೆಂಡರ್ ಕೈಕಟ್ಟಿ ನಿಂತು ಇಪ್ಪತ್ತು ಹಾಳೆ ಕೇಳಿದರು. ರಿಟೈರ್ ಆಗುವ ವಯಸ್ಸಿನ ಮನುಷ್ಯ. "ಇಪ್ಪತ್ತು ಯಾಕ್ರೀ?" ಅಂತ ಸಾಹೇಬರ ಪ್ರಶ್ನೆ. ನನಗೆ ಪಿತ್ತ ನೆತ್ತಿಗೇರಿತು.

ಪ್ರಿಂಟಿಂಗ್ ಖರ್ಚು ಕಡಿಮೆ ಮಾಡಬೇಕಂತೆ. ಮಾಡಿ, ಯಾರು ಬೇಡ ಅಂದರು? ಕಾಗದ ಹಾಳಾದರೆ ನನಗಾಗುವಷ್ಟು ಸಂಕಟ ಅಲ್ಲಿ ಇನ್ಯಾರಿಗೂ ಆಗಲಿಕ್ಕಿಲ್ಲ. ನಾನು ಭದ್ರಾವತಿಯವಳು, ಅಪ್ಪ ಅಲ್ಲಿನ ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್ ಕಾಗದ ಕಾರ್ಖಾನೆಯಲ್ಲಿದ್ದರು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. 1936ರಲ್ಲಿ ಅರಸರ ಕಾಲದಲ್ಲಿ ಶುರುವಾದ ಕಾರ್ಖಾನೆ, 2015ರ ಹೊತ್ತಿಗೆ ನಿಂತೇ ಹೋಯಿತು. ಕಬ್ಬಿನ ಸಿಪ್ಪೆ, ನೀಲಗಿರಿ, ಅಕೇಶಿಯಾ ಬೆಂದು ಹಾಳೆಯಾಗೋಕೆ ಎಷ್ಟು ನೀರು, ಎಷ್ಟು ಹಬೆ ಬೇಕು ಅನ್ನೋದನ್ನು ಊಟಕ್ಕೆ ಕೂತಾಗೆಲ್ಲ ಕೇಳಿಸಿಕೊಂಡು ಬೆಳೆದವಳು ನಾನು. ಒಂದು ಬದಿ ಖಾಲಿ ಇರೋ ಕಾಗದ ಕಸದ ಬುಟ್ಟಿಗೆ ಹೋದರೆ ನಮ್ಮನೆಯಲ್ಲಿ ಈಗಲೂ ಜಗಳ.

ಆದರೆ ಬೀಗ ಹಾಕಬೇಕಾದ ಜಾಗ ಬೀರುವಲ್ಲ. ನಮ್ಮ ಮಾಸಿಕ ವರದಿಯ ಕಥೆ ಕೇಳಿ. ಎಕ್ಸೆಲ್‌ನಲ್ಲಿ ಮಾಡುತ್ತೇನೆ. ಪ್ರಿಂಟ್ ತೆಗೆಯುತ್ತೇನೆ. ಸಾಹೇಬರು ಸಹಿ ಹಾಕುತ್ತಾರೆ, ಸೀಲ್ ಬೀಳುತ್ತದೆ. ಸ್ಕ್ಯಾನ್ ಮಾಡಿ ಹೆಡ್ ಆಫೀಸಿಗೆ ಮೇಲ್ ಮಾಡುತ್ತೇನೆ. ಅವರು ಅದನ್ನು ಮತ್ತೆ ಪ್ರಿಂಟ್ ತೆಗೆದು ಫೈಲಿಗೆ ಸೇರಿಸುತ್ತಾರೆ. ಇಷ್ಟು ಸಾಲದು ಅಂತ "ಮೂರು ಪ್ರತಿಗಳಲ್ಲಿ ಹಾರ್ಡ್ ಕಾಪಿ ಕಳುಹಿಸುವುದು". ಕೊರಿಯರ್ ಖರ್ಚು ಬೇರೆ. ಆಮೇಲೆ ಅಲ್ಲೊಬ್ಬರು ಕೂತು ಅದೇ ಅಂಕಿಗಳನ್ನು ಮತ್ತೆ ಎಕ್ಸೆಲ್‌ಗೆ ಟೈಪ್ ಮಾಡುತ್ತಾರೆ! ನನ್ನ ಹತ್ತಿರ ಇದ್ದದ್ದೇ ಎಕ್ಸೆಲ್ ಅಲ್ವಾ ಸ್ವಾಮಿ?

ಆ ವರದಿಯ ಕೊನೆಯ ಕಾಲಂ "ಷರಾ". ಯಾವ ತಿಂಗಳೂ ಅದರಲ್ಲಿ ಏನೂ ಇರೋದಿಲ್ಲ. ಅದೊಂದೇ ಕಾಲಂ ಪಕ್ಕದ ಪುಟಕ್ಕೆ ಜಾರಿ, ಮೇಲೆ "ಷರಾ" ಅಂತ ಮಾತ್ರ ಇರೋ ಖಾಲಿ ಹಾಳೆ ಹೊರಗೆ ಬರುತ್ತದೆ. ಒಮ್ಮೆ ಅಗಲ ಕಡಿಮೆ ಮಾಡಿ ಎಲ್ಲವನ್ನೂ ಒಂದೇ ಪುಟಕ್ಕೆ ಕೂರಿಸಿ ಕಳಿಸಿದೆ. "ನಿಗದಿತ ನಮೂನೆಯಲ್ಲಿಲ್ಲ" ಅಂತ ವಾಪಸ್ ಬಂತು. ಷರಾ ಕಾಲಂನಲ್ಲಿ ಬರೆಯೋಕೆ ಅವತ್ತು ನನ್ನ ಹತ್ತಿರ ಬೇಕಾದಷ್ಟಿತ್ತು.

ಕೇಳುವವರು ಅಲ್ಲಿ, ಲೆಕ್ಕ ಕೊಡುವವರು ಇಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಾಹೇಬರ ಇನ್ನೊಂದು ಐಡಿಯಾ, ಒಂದು ಬದಿ ಬಳಸಿದ ಹಾಳೆಯನ್ನೇ ಪ್ರಿಂಟರಿಗೆ ಹಾಕೋದು. ಪಿನ್ ಕಿತ್ತ ಮೂಲೆ ಮಡಚಿರುತ್ತದೆ. ನಮ್ಮ ಶಿವಮೊಗ್ಗದ ಮಳೆಗಾಲದ ಶೀತಕ್ಕೆ ಹಾಳೆ ಮೆತ್ತಗಾಗಿರುತ್ತದೆ. ಎರಡೆರಡು ಒಟ್ಟಿಗೆ ಎಳೆದುಕೊಂಡು ಸಿಕ್ಕಿಹಾಕಿಕೊಂಡರೆ, ಮುಚ್ಚಳ ತೆಗೆದು ಬಿಸಿ ರೋಲರ್ ಸಂದಿಯಿಂದ ಹರಿದ ಚೂರುಗಳನ್ನು ಎಳೆಯೋದು ಯಾರು? ಮರೆತ ಪಿನ್ ಒಂದು ಒಳಗೆ ಹೋಗಿ ಡ್ರಮ್ಮಿಗೆ ಗೀರು ಬಿತ್ತೋ, ಅಲ್ಲಿಂದ ಪ್ರತಿ ಪುಟಕ್ಕೂ ಒಂದು ಕಪ್ಪು ಗೆರೆ ಫ್ರೀ. ಆ ಹಾಳೆಗಳನ್ನು ಹೊಲಿದು ರಫ್ ಪ್ಯಾಡ್ ಮಾಡಿಕೊಳ್ಳಿ, ಅದು ಸರಿ. ಪ್ರಿಂಟರಿನ ತಂಟೆಗೆ ಬೇಡ.

"ಆಡಿಟ್‌ಗೆ ಬೇಕಾಗುತ್ತಲ್ರೀ" ಅನ್ನುತ್ತಾರೆ. ಆಡಿಟ್ ಬಂದಾಗ ಫೈಲ್ ಎತ್ತಿ ಕೊಡುವವಳು ನಾನೇ. ಅವರು ವೋಚರ್ ಕೇಳುತ್ತಾರೆ, ಬಿಲ್ ಕೇಳುತ್ತಾರೆ. ಮಾಸಿಕ ವರದಿಯ ಮೂರನೇ ಪ್ರತಿ ಎಲ್ಲಮ್ಮಾ ಅಂತ ಒಬ್ಬರಾದರೂ ಕೇಳಿದ್ದಿಲ್ಲ. ಕಂಪ್ಯೂಟರಿನಲ್ಲಿರೋ ದಾಖಲೆಗೂ ಕಾನೂನಿನ ಮಾನ್ಯತೆ ಕೊಟ್ಟ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದೇ 2000ದಲ್ಲಿ. ಸುಪ್ರೀಂ ಕೋರ್ಟ್ ಕೂಡ 2020ರಲ್ಲಿ ಎ4 ಹಾಳೆಯ ಎರಡೂ ಬದಿ ಪ್ರಿಂಟ್ ಮಾಡಿ ಅಂದಿತು. ನಮ್ಮ ಹೆಡ್ ಆಫೀಸಿಗೆ ಮಾತ್ರ ಹಿಂಬದಿಯಲ್ಲಿ ಅಕ್ಷರ ಕಂಡರೆ ಆಗೋದಿಲ್ಲ. ಸುಪ್ರೀಂ ಕೋರ್ಟಿಗಿಂತ ದೊಡ್ಡ ಆಫೀಸು ಅಂತ ನನಗೆ ಗೊತ್ತಿರಲಿಲ್ಲ.

ದೊಡ್ಡ ದೊಡ್ಡ ಆಫೀಸುಗಳಲ್ಲಿ ಕೂತಿರೋ ಗೆಳೆಯರೂ ಇಲ್ಲಿದ್ದೀರಿ. ನಿಮ್ಮ ನಮೂನೆಯ ಕೆಳಗೆ "ಮೂರು ಪ್ರತಿಗಳಲ್ಲಿ" ಅಂತ ಇದೆಯಾ, ನಾಳೆ ಸ್ವಲ್ಪ ನೋಡಿ. ಎರಡನೆಯದು, ಮೂರನೆಯದು ಯಾವ ಟೇಬಲ್ಲಿಗೆ ಹೋಗುತ್ತದೆ ಅಂತ ಕೇಳಿ. ಯಾರಿಗೂ ಗೊತ್ತಿಲ್ಲ ಅಂದರೆ ಆ ಸಾಲು ಅಳಿಸಿ. ಎಕ್ಸೆಲ್ ಫೈಲನ್ನು ಎಕ್ಸೆಲ್ ಆಗಿಯೇ ತರಿಸಿಕೊಳ್ಳಿ.

ಅಂದ ಹಾಗೆ ನಮ್ಮ ಸಾಹೇಬರೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ. ನನ್ನ ಅಕ್ಕಿರೊಟ್ಟಿ ಫೋಟೋಗಳಿಗೆಲ್ಲ ಮೊದಲು ಲೈಕ್ ಒತ್ತುವವರು ಅವರೇ. ಇದಕ್ಕೂ ಒತ್ತುತ್ತಾರಾ ನೋಡೋಣ.